ಚಿರತೆಯಿಲ್ಲದ ಮುತ್ತು

ಬ್ಯೂನಸ್ ಐರಿಸ್‌ನ ಜೈಲಿನಲ್ಲಿ ದೀಪ ಆರಿದೆ. ಅಂಗಡಿಗಳ ಗಾಜಿನ ಕಿಟಕಿ ಸಿಂಗರಿಸಿ ಬದುಕುತ್ತಿದ್ದ ಮೊಲೀನಾ, ಜೊತೆಗಿರುವ ಕ್ರಾಂತಿಕಾರಿ ವಾಲೆಂಟೀನ್‌ಗೆ ತಾನು ನೋಡಿದ ಸಿನಿಮಾದ ಕಥೆ ಹೇಳುತ್ತಿದ್ದಾನೆ. ಯಾರಾದರೂ ಮುತ್ತಿಟ್ಟರೆ ತಾನು ಚಿರತೆಯಾಗಿಬಿಡುವೆನೆಂದು ನಡುಗುವ ಹೆಣ್ಣಿನ ಕಥೆ. ಊಟದ ವರ್ಣನೆ ಬೇಡ, ಬೆತ್ತಲೆ ಹೆಂಗಸರ ವರ್ಣನೆಯೂ ಬೇಡ ಎಂಬುದು ಕೇಳುವವನ ಕರಾರು.

ಮಾನುವೆಲ್ ಪುಯಿಗ್‌ನ 'ಕಿಸ್ ಆಫ್ ದಿ ಸ್ಪೈಡರ್ ವುಮನ್' ಕಾದಂಬರಿ ತೆರೆದುಕೊಳ್ಳುವುದು ಹೀಗೆ. ಆ ಕಥೆ 1942ರ 'ಕ್ಯಾಟ್ ಪೀಪಲ್' ಚಿತ್ರದ್ದು. 1985ರಲ್ಲಿ ಹೆಕ್ಟರ್ ಬಬೆಂಕೊ ಕಾದಂಬರಿಯನ್ನು ತೆರೆಗೆ ತಂದಾಗ ಈ ಚಿರತೆಯನ್ನೇ ಕೈಬಿಟ್ಟರು. ಬಬೆಂಕೊ ಅವರ ಚಿತ್ರ ನನಗೆ ತುಂಬ ಇಷ್ಟ. ಆದರೂ ಈ ಒಂದು ಸಂಕಟ ಹೋಗುವುದಿಲ್ಲ.

ಪುಯಿಗ್ ಹುಟ್ಟಿದ್ದು 1932ರಲ್ಲಿ, ಅರ್ಜೆಂಟೀನಾದ ಬಯಲುಸೀಮೆಯ ಹೆನೆರಾಲ್ ವಿಯೇಗಾಸ್‌ನಲ್ಲಿ. ಅಮ್ಮನ ಕೈಹಿಡಿದು ಸಿನಿಮಾಕ್ಕೆ ಹೋಗುವುದೇ ಆ ಹುಡುಗನ ಲೋಕ. ಮುಂದೆ ರೋಮ್‌ನಲ್ಲಿ ಸಿನಿಮಾ ಕಲಿಕೆ, ಆಮೇಲೆ ಕಾದಂಬರಿಗಳು. 1973ರಲ್ಲಿ ಬಿಡುಗಡೆಯಾದ ರಾಜಕೀಯ ಕೈದಿಗಳನ್ನು ಕಂಡು ಮಾತಾಡಿಸಿದ. 1976ರಲ್ಲಿ ಪುಸ್ತಕ ಬಂದದ್ದು ಸ್ಪೇನ್‌ನಲ್ಲಿ. ತಾಯ್ನಾಡಿನಲ್ಲಿ ಅದಕ್ಕೆ ನಿಷೇಧ.

ಅದರಲ್ಲಿ ನಿರೂಪಕನೇ ಇಲ್ಲವೆನ್ನಬೇಕು. ಬಹುಪಾಲು ಕತ್ತಲಲ್ಲಿ ಎರಡು ದನಿಗಳು, ಅಷ್ಟೇ. ವಾಲೆಂಟೀನ್‌ನ ಬಾಯಿ ಬಿಡಿಸಲೆಂದು ಅಧಿಕಾರಿಗಳು ಊಟದಲ್ಲಿ ವಿಷ ಬೆರೆಸುತ್ತಾರೆ. ಹೊಟ್ಟೆ ಕೆಟ್ಟು, ಬಟ್ಟೆಯೆಲ್ಲ ಹೊಲಸಾಗಿ ನಾಚಿಕೆಯಿಂದ ಕುಗ್ಗಿದವನನ್ನು ಮೊಲೀನಾ ಹೇಸದೆ ಒರೆಸುತ್ತಾನೆ, ತೊಳೆಯುತ್ತಾನೆ. ಅಧಿಕಾರಿಗಳಿಗೆ ಒಳಸುದ್ದಿ ತಿಳಿಸಲು ಒಪ್ಪಿ ಬಂದವನೂ ಅವನೇ. ಅವರ ಪ್ರೀತಿ ಬೇರೂರುವುದು ಆ ಹೊಲಸಿನಲ್ಲಿ. ಕಥೆ ಕೇಳಿಸಿಕೊಂಡ ಮೈ ಹೇಳಿದವನನ್ನು ಆಗಲೇ ಅರ್ಧ ನಂಬಿರುತ್ತದೆ.

ಬಬೆಂಕೊ ಈ ಆಪ್ತತೆಯನ್ನು ಬಲ್ಲವರಾಗಿದ್ದರು. ತಾಲೀಮಿನ ವೇಳೆ ಮೊಲೀನಾ ಆಗಿದ್ದ ವಿಲಿಯಂ ಹರ್ಟ್ ಮತ್ತು ವಾಲೆಂಟೀನ್ ಆಗಿದ್ದ ರೌಲ್ ಜೂಲಿಯಾ ತಮ್ಮ ಪಾತ್ರಗಳನ್ನು ಅದಲುಬದಲು ಮಾಡಿಕೊಂಡು ನೋಡಿದ್ದರು. ಒಬ್ಬನ ಉಸಿರು ಇನ್ನೊಬ್ಬನಿಗೆ ಗೊತ್ತಿರುವುದು ತೆರೆಯ ಮೇಲೆ ಕಾಣುತ್ತದೆ. ಹರ್ಟ್‌ಗೆ ಆಸ್ಕರ್ ಬಂತು. ಪುಯಿಗ್‌ಗೆ ಮಾತ್ರ ಅವನು ಮೊಲೀನಾ ಅನ್ನಿಸಲೇ ಇಲ್ಲ.

ಚಿತ್ರದಲ್ಲಿ ಮುಖ್ಯವಾಗಿ ಉಳಿದದ್ದು ಪ್ಯಾರಿಸ್‌ನ ಗಾಯಕಿಯೊಬ್ಬಳು ನಾಜಿ ಅಧಿಕಾರಿಗೆ ಮನಸೋಲುವ ಕಥೆ. ಮೆರುಗಿನ ಕಥೆ, ನಟಿ ಸೋನಿಯಾ ಬ್ರಾಗಾಗೆ ಒಪ್ಪುವಂಥದ್ದು. ಆದರೆ ಶೀರ್ಷಿಕೆಯ ಬೇರು ಚಿರತೆಯಲ್ಲಿತ್ತು. ಕಾದಂಬರಿಯಲ್ಲಿ, ಬಿಡುಗಡೆಯ ಮುನ್ನ ಮೊಲೀನಾ ಒಂದು ಮುತ್ತು ಬೇಡುತ್ತಾನೆ. ವಾಲೆಂಟೀನ್ ಹಿಂದೆಮುಂದೆ ನೋಡುತ್ತಾನೆ. ನೀನೆಲ್ಲಿ ಆ ಚಿರತೆಯಾಗಿಬಿಡುತ್ತೀಯೋ ಎಂಬ ಹೆದರಿಕೆಯಂತೆ. ತಾನು ಚಿರತೆಯಲ್ಲ ಅನ್ನುತ್ತಾನೆ ಮೊಲೀನಾ. ಆಗಲೇ ವಾಲೆಂಟೀನ್ ಅವನಿಗೆ ಜೇಡದ ಹೆಣ್ಣೆಂದು ಹೆಸರಿಡುವುದು.