ಗೆರೆಯಲ್ಲಿ ಕಟ್ಟಿದ ಬೇರೆ ಲೋಕಗಳು

ಅನಿಮೇಷನ್ ಚಿತ್ರದೊಳಗೆ ತಾನಾಗಿ ಬಂದು ಸೇರುವುದು ಏನೂ ಇಲ್ಲ. ಕ್ಯಾಮೆರಾವನ್ನು ಬೀದಿಯಲ್ಲಿ ನಿಲ್ಲಿಸಿದರೆ ಅಲ್ಲಿನ ಗೋಡೆ, ಜನ, ನೆರಳು ಎಲ್ಲವೂ ಚೌಕಟ್ಟಿನೊಳಗೆ ಬಂದುಬಿಡುತ್ತವೆ. ಅನಿಮೇಷನ್‌ನಲ್ಲಾದರೆ ಆ ಬೀದಿಯನ್ನು ಯಾರಾದರೂ ಕೂತು ಬರೆಯಬೇಕು. ಅದರಲ್ಲಿ ಯಾರು ನಡೆಯುತ್ತಾರೆ, ಅವರ ಮೈಕಟ್ಟು ಹೇಗಿದೆ, ಯಾರನ್ನು ಕಂಡು ಯಾರು ತಲೆ ತಗ್ಗಿಸುತ್ತಾರೆ ಎಂಬುದೆಲ್ಲ ನಿರ್ಧಾರವಾಗಬೇಕು. ಹೆಚ್ಚಿನ ಕಾರ್ಟೂನುಗಳು ಈ ನಿರ್ಧಾರಗಳನ್ನು ರೂಢಿಗೇ ಬಿಟ್ಟವು. ರಾಜಕುಮಾರಿಗೆ ಸಣ್ಣ ಸೊಂಟ, ವೀರನಿಗೆ ಅಗಲ ಭುಜ, ಕೊನೆಗೊಂದು ಮದುವೆ. ಸ್ತ್ರೀವಾದಿ ಕಲಾವಿದರು ಆ ಖಾಲಿ ಹಾಳೆಯನ್ನು ಬೇರೆಯಾಗಿ ತುಂಬಿದರು. ಸಲಿಂಗ ಪ್ರೇಮಿಗಳು, ಟ್ರಾನ್ಸ್ ವ್ಯಕ್ತಿಗಳು, ಗಂಡು–ಹೆಣ್ಣು ಎಂಬ ಎರಡೇ ಖಾನೆಗಳಲ್ಲಿ ಹಿಡಿಸದವರು, ಒಟ್ಟಾರೆ ಕ್ವಿಯರ್ ಎಂದು ಕರೆದುಕೊಳ್ಳುವ ಕಲಾವಿದರೂ ಅದನ್ನೇ ಮಾಡಿದರು. ಇದ್ದ ಲೋಕವನ್ನು ಟೀಕಿಸುವುದಕ್ಕಿಂತ, ಬೇರೆ ನಿಯಮಗಳಿರುವ ಲೋಕವನ್ನು ಕಟ್ಟಿ ತೋರಿಸುವುದು ಅವರ ದಾರಿ.

ಈಗ ಉಳಿದಿರುವ ಪೂರ್ಣಾವಧಿ ಅನಿಮೇಷನ್ ಚಿತ್ರಗಳಲ್ಲಿ ಅತಿ ಹಳೆಯದನ್ನು ಮಾಡಿದ್ದು ಒಬ್ಬ ಹೆಂಗಸು. ಬರ್ಲಿನ್ನಿನ ಲೊಟ್ಟೆ ರೈನಿಗರ್ ‘ರಾಜಕುಮಾರ ಅಹ್ಮದನ ಸಾಹಸಗಳು’ ಚಿತ್ರವನ್ನು 1926ರಲ್ಲಿ ಮುಗಿಸಿದಾಗ ಡಿಸ್ನಿಯ ‘ಸ್ನೋ ವೈಟ್’ ಬರಲು ಇನ್ನೂ 11 ವರ್ಷ ಬೇಕಿತ್ತು. ಕಪ್ಪು ಕಾಗದವನ್ನು ಕತ್ತರಿಸಿ, ಕೀಲು ಕೂಡಿಸಿ, ಕೆಳಗಿನಿಂದ ಬೆಳಕು ಹಾಯಿಸಿದ ಗಾಜಿನ ಮೇಲೆ ಆ ಗೊಂಬೆಗಳನ್ನು ಕೂದಲೆಳೆಯಷ್ಟು ಸರಿಸುತ್ತ ಒಂದೊಂದೇ ಚೌಕಟ್ಟು ಹಿಡಿದರು. ತೊಗಲುಗೊಂಬೆಯಾಟ ನೋಡಿದವರಿಗೆ ಈ ನೆರಳಿನ ಚೆಲುವು ತಕ್ಷಣ ಅರ್ಥವಾಗುತ್ತದೆ. ಆ ಚಿತ್ರದಲ್ಲಿ ದುಷ್ಟ ಮಾಂತ್ರಿಕನನ್ನು ಸೋಲಿಸುವವಳು ವಿಕಾರ ರೂಪದ ಒಬ್ಬ ಮಾಟಗಾತಿ. ಇಬ್ಬರೂ ಕ್ಷಣಕ್ಕೊಂದು ಪ್ರಾಣಿಯ ರೂಪ ತಾಳಿ ಹೊಡೆದಾಡುತ್ತಾರೆ. ದೇಹ ಎಂಬುದು ಸ್ಥಿರವಲ್ಲ, ಅದು ಬದಲಾಗಬಲ್ಲದು ಎಂಬ ಮಾತನ್ನು ಅನಿಮೇಷನ್ ಅಷ್ಟು ಮೊದಲೇ ಆಡಿತ್ತು.

ಆಮೇಲೆ ಬಂದ ಸ್ಟುಡಿಯೋ ಯುಗ ಹೆಂಗಸರನ್ನು ಹಿಂದಿನ ಕೋಣೆಗೆ ತಳ್ಳಿತು. ಗಂಡಸರು ಬರೆದ ಚಿತ್ರಗಳನ್ನು ಪಾರದರ್ಶಕ ಹಾಳೆಗೆ ಇಳಿಸಿ ಬಣ್ಣ ತುಂಬುವ ವಿಭಾಗವೇ ಅವರ ಪಾಲಿಗೆ ಉಳಿಯಿತು. 1938ರಲ್ಲಿ ಕೆಲಸ ಕೇಳಿದ ಯುವತಿಯೊಬ್ಬಳಿಗೆ ಡಿಸ್ನಿ ಸ್ಟುಡಿಯೋ ಬರೆದ ಉತ್ತರ ಈಗ ಪ್ರಸಿದ್ಧ: ಸೃಜನಶೀಲ ಕೆಲಸವನ್ನು ಯುವಕರಷ್ಟೇ ಮಾಡುತ್ತಾರೆ ಎಂಬುದು ಅದರ ಸಾರ. ಡಿಸ್ನಿಯಲ್ಲೇ ದುಡಿದ ಮೇರಿ ಬ್ಲೇರ್‌ರಂಥ ಪ್ರತಿಭಾವಂತೆಯರು ಈ ಗೋಡೆಯಲ್ಲಿ ಬಿರುಕು ಮೂಡಿಸಿದರು, ಆದರೆ ಅಂಥವರು ಬೆರಳೆಣಿಕೆಯಷ್ಟು.

1970ರ ದಶಕದ ಮಹಿಳಾ ಚಳವಳಿ ಈ ಪರಿಸ್ಥಿತಿಯನ್ನು ಬದಲಿಸಿತು. ಕಾಗದ, ಬಣ್ಣ, ಒಂದು ಕ್ಯಾಮೆರಾ ಮತ್ತು ತಾಳ್ಮೆ ಇದ್ದರೆ ಸ್ಟುಡಿಯೋದ ಹಂಗಿಲ್ಲದೆ ಕಿರುಚಿತ್ರ ಮಾಡಬಹುದಿತ್ತು. ಅಮೆರಿಕದ ಸೂಸನ್ ಪಿಟ್ 1979ರಲ್ಲಿ ‘ಆಸ್ಪ್ಯಾರಗಸ್’ ಮಾಡಿದರು. ಮುಖವಿಲ್ಲದ ಹೆಣ್ಣೊಬ್ಬಳು ನಾಟಕಶಾಲೆಗೆ ಹೋಗಿ ತನ್ನ ಚೀಲ ಬಿಚ್ಚುತ್ತಾಳೆ. ಅವಳ ಒಳಲೋಕದ ವಿಚಿತ್ರ ವಸ್ತುಗಳೆಲ್ಲ ಪ್ರೇಕ್ಷಕರ ತಲೆಯ ಮೇಲೆ ತೇಲುತ್ತವೆ. ಹೆಣ್ಣಿನ ಆಸೆಯನ್ನು ಗಂಡಿನ ಕಣ್ಣಿನಿಂದಲ್ಲದೆ ಒಳಗಿನಿಂದಲೇ ತೋರಿಸಿದ ಈ ಚಿತ್ರ ಇಂದಿಗೂ ಹಳತಾಗಿಲ್ಲ. ಇಂಗ್ಲೆಂಡಿನಲ್ಲಿ 1978ರಲ್ಲಿ ಹುಟ್ಟಿದ ಲೀಡ್ಸ್ ಅನಿಮೇಷನ್ ವರ್ಕ್‌ಶಾಪ್ ಹೆಂಗಸರೇ ಕೂಡಿ ನಡೆಸಿದ ಸಂಘ. ಅದರ ಮೊದಲ ಚಿತ್ರ ಶಿಶುವಿಹಾರಗಳ ಅಗತ್ಯದ ಬಗ್ಗೆ. 1983ರ ‘ಗಿವ್ ಅಸ್ ಎ ಸ್ಮೈಲ್’ ಬೀದಿಯಲ್ಲಿ ಹೆಂಗಸರಿಗೆ ಎದುರಾಗುವ ಕಿರುಕುಳದ ಬಗ್ಗೆ. ಲೋಕ ಕಟ್ಟುವ ಕೆಲಸ ಪರದೆಯ ಮೇಲೆ ಮಾತ್ರವಲ್ಲ, ಚಿತ್ರ ತಯಾರಾಗುವ ಕೋಣೆಯಲ್ಲೂ ನಡೆಯಬೇಕು ಎಂಬ ನಂಬಿಕೆ ಅವರದು.

ಭಾರತದಿಂದ ಒಂದು ಉದಾಹರಣೆ ಗೀತಾಂಜಲಿ ರಾವ್ ಕೈಯಾರೆ ಬಣ್ಣ ಹಾಕಿ ಮಾಡಿದ ‘ಪ್ರಿಂಟೆಡ್ ರೇನ್‌ಬೋ’. 2006ರ ಕಾನ್ ಚಿತ್ರೋತ್ಸವದ ವಿಮರ್ಶಕರ ವಾರದಲ್ಲಿ ಪ್ರಶಸ್ತಿ ಗಳಿಸಿದ ಈ ಕಿರುಚಿತ್ರದಲ್ಲಿ ಬೆಕ್ಕಿನೊಂದಿಗೆ ಒಂಟಿಯಾಗಿ ಬದುಕುವ ಮುದುಕಿಯೊಬ್ಬಳಿದ್ದಾಳೆ. ಅವಳ ನಗರ ಬಣ್ಣಗೆಟ್ಟದ್ದು. ಅವಳು ಕೂಡಿಟ್ಟ ಬೆಂಕಿಪೊಟ್ಟಣಗಳ ಮೇಲಿನ ಚಿತ್ರಗಳೊಳಗೆ ಮಾತ್ರ ಬಣ್ಣ, ಸಾಹಸ, ಸಂಚಾರ. ಸಿನಿಮಾ ಸಾಮಾನ್ಯವಾಗಿ ಮೂಲೆಗೆ ಕೂರಿಸುವ ವಯಸ್ಸಾದ ಹೆಣ್ಣಿಗೆ ಒಂದು ವಿಶಾಲ ಜಗತ್ತನ್ನು ಬಿಟ್ಟುಕೊಟ್ಟ ಚಿತ್ರವಿದು.

ಟೆಲಿವಿಷನ್‌ನಲ್ಲಿ ಈ ಪರಂಪರೆಯ ದೊಡ್ಡ ಕೃತಿ ರೆಬೆಕಾ ಶುಗರ್ ಸೃಷ್ಟಿಸಿದ ‘ಸ್ಟೀವನ್ ಯೂನಿವರ್ಸ್’. ಜಪಾನಿನ 1997ರ ‘ರೆವಲ್ಯೂಷನರಿ ಗರ್ಲ್ ಉಟೆನಾ’, ಅಂದರೆ ರಾಜಕುಮಾರನೇ ಆಗಬಯಸುವ ಹುಡುಗಿಯ ಕತೆ, ಇದರ ಪ್ರೇರಣೆಗಳಲ್ಲೊಂದು. 2013ರಲ್ಲಿ ಕಾರ್ಟೂನ್ ನೆಟ್‌ವರ್ಕ್‌ನಲ್ಲಿ ಆರಂಭವಾದ ಈ ಸರಣಿಯಲ್ಲಿ ಬೇರೆ ಗ್ರಹದಿಂದ ಬಂದ ‘ಜೆಮ್’ಗಳೆಂಬ ಜೀವಿಗಳಿದ್ದಾರೆ. ಅವರ ನಿಜವಾದ ಇರವು ಒಂದು ರತ್ನ. ಕಣ್ಣಿಗೆ ಕಾಣುವ ಮೈ ಆ ರತ್ನ ಹೊಮ್ಮಿಸುವ ಬೆಳಕಷ್ಟೇ. ಮೈಯೇ ಅಂತಿಮವಲ್ಲ ಎಂಬುದು ಅಲ್ಲಿ ಭೌತಶಾಸ್ತ್ರದ ನಿಯಮ! ಇಬ್ಬರು ಜೆಮ್‌ಗಳು ಒಟ್ಟಿಗೆ ಕುಣಿದು ಬೆರೆತರೆ ಹೊಸ ವ್ಯಕ್ತಿಯೊಬ್ಬಳು ಹುಟ್ಟುತ್ತಾಳೆ. ಅವಳಿಗೆ ಅವಳದೇ ಹೆಸರು, ಅವಳದೇ ಸ್ವಭಾವ. ಗಂಭೀರ ನಾಯಕಿ ಗಾರ್ನೆಟ್ ಅಂಥವಳು. ರೂಬಿ ಮತ್ತು ಸಫೈರ್ ಎಂಬ ಇಬ್ಬರು ಪ್ರೇಮಿಗಳು ಬೆರೆತು ಅವಳಾಗಿದ್ದಾರೆ ಎಂಬುದು 2015ರಲ್ಲಿ ಬಯಲಾಗುತ್ತದೆ. ಅವರ ತಾಯ್ನೆಲದಲ್ಲಿ ಒಂದೇ ಬಗೆಯ ಜೆಮ್‌ಗಳು ಯುದ್ಧಕ್ಕಾಗಿ ಬೆರೆಯಬಹುದು, ಬೇರೆ ಬಗೆಯವರು ಬೆರೆತರೆ ಅದು ಅಪರಾಧ. ನಮ್ಮ ಲೋಕದ ಯಾವ ಕಾಯ್ದೆಯನ್ನೂ ಹೆಸರಿಸದೆ, ಪ್ರೀತಿಯನ್ನು ನಿಷೇಧಿಸುವ ವ್ಯವಸ್ಥೆ ಹೇಗಿರುತ್ತದೆ ಎಂಬುದನ್ನು ಮಕ್ಕಳಿಗೆ ಇಷ್ಟು ಸ್ಪಷ್ಟವಾಗಿ ತಿಳಿಸಿದ ಇನ್ನೊಂದು ಕಾರ್ಟೂನ್ ಹುಡುಕುವುದು ಕಷ್ಟ. 2018ರಲ್ಲಿ ರೂಬಿ–ಸಫೈರ್ ಮದುವೆಯೂ ಆದರು.

ಇದು ಸುಲಭವಾಗಿ ದಕ್ಕಲಿಲ್ಲ. 2016ರಲ್ಲಿ ಬ್ರಿಟನ್ನಿನ ಪ್ರಸಾರದಲ್ಲಿ ಇಬ್ಬರು ಸ್ತ್ರೀರೂಪಿ ಪಾತ್ರಗಳ ಆಪ್ತ ನೃತ್ಯಕ್ಕೆ ಕತ್ತರಿ ಬಿತ್ತು. 2017ರಲ್ಲಿ ಕೆನ್ಯಾದ ನಿಯಂತ್ರಣ ಮಂಡಳಿ ಈ ಸರಣಿಯನ್ನೂ ಇತರ ಕೆಲವು ಕಾರ್ಟೂನುಗಳನ್ನೂ ನಿಷೇಧಿಸಿತು. ಕಲ್ಪಿತ ರತ್ನಗಳ ಪ್ರೇಮಕ್ಕೂ ಅಧಿಕಾರಿಗಳು ಅಂಜುತ್ತಾರೆ ಎಂದರೆ ಕಲ್ಪನೆಯ ಬಲ ಎಷ್ಟೆಂದು ತಿಳಿಯುತ್ತದೆ.

ಎನ್‌.ಡಿ. ಸ್ಟೀವನ್ಸನ್ ರೂಪಿಸಿದ ‘ಷಿ-ರಾ’ ಸರಣಿ (2018–2020) ಇನ್ನೊಂದು ದಾರಿ ಹಿಡಿಯಿತು. ಎಥೀರಿಯಾ ಎಂಬ ಅದರ ಲೋಕದಲ್ಲಿ ಸಲಿಂಗ ಪ್ರೇಮದ ಮೇಲೆ ನಿಷೇಧವೇ ಇಲ್ಲ. ಒಬ್ಬ ಹುಡುಗನಿಗೆ ಇಬ್ಬರು ಅಪ್ಪಂದಿರು. ಅದಕ್ಕೆ ಯಾರೂ ಹುಬ್ಬೇರಿಸುವುದಿಲ್ಲ. ಕೊನೆಯ ಕಂತಿನಲ್ಲಿ ಲೋಕ ಉಳಿಯುವುದು ಇಬ್ಬರು ಹುಡುಗಿಯರು ಪರಸ್ಪರ ಒಪ್ಪಿಕೊಂಡ ಪ್ರೀತಿಯಿಂದ. ಪೂರ್ವಗ್ರಹವನ್ನು ತೋರಿಸಿ ಖಂಡಿಸುವುದು ಒಂದು ಬಗೆ. ಅದು ಹುಟ್ಟೇ ಇಲ್ಲದ ನಾಡನ್ನು ಕಟ್ಟುವುದು ಮತ್ತೊಂದು. ಎರಡನೆಯದು ಹೆಚ್ಚು ಧೈರ್ಯದ್ದು, ಯಾಕೆಂದರೆ ಅಲ್ಲಿ ನೋವಿಲ್ಲದೆಯೂ ಕತೆ ನಿಲ್ಲಬೇಕು.

ನಿಜ ಜೀವನಕ್ಕೂ ಈ ಕಲೆ ಆಸರೆಯಾಗುತ್ತದೆ. ಡೆನ್ಮಾರ್ಕಿನ ‘ಫ್ಲೀ’ (2021) ಅಫ್ಘಾನಿಸ್ತಾನದಿಂದ ತಪ್ಪಿಸಿಕೊಂಡು ಬಂದ ಸಲಿಂಗಕಾಮಿ ವ್ಯಕ್ತಿಯೊಬ್ಬರ ಸಾಕ್ಷ್ಯಚಿತ್ರ. ಅವರ ದನಿ ನಿಜ, ಹೆಸರು ಮತ್ತು ಮುಖ ಬದಲಾಯಿಸಿದ್ದು. ನೆನಪು ಮಸುಕಾದ ಕಡೆ, ಭಯ ಮಿತಿಮೀರಿದ ಕಡೆ ಗೆರೆಗಳೂ ಇದ್ದಿಲಿನಿಂದ ತೀಡಿದಂತೆ ಕಲಸಿಹೋಗುತ್ತವೆ. ಅನಿಮೇಷನ್, ಸಾಕ್ಷ್ಯಚಿತ್ರ ಮತ್ತು ಅಂತರರಾಷ್ಟ್ರೀಯ ಚಿತ್ರ ಎಂಬ ಮೂರೂ ವಿಭಾಗಗಳಲ್ಲಿ ಆಸ್ಕರ್‌ಗೆ ನಾಮನಿರ್ದೇಶನಗೊಂಡ ಮೊದಲ ಚಿತ್ರ ಇದೇ.

ಸ್ಪೇನಿನ ಇಸಾಬೆಲ್ ಎರ್ಗೇರಾ 2023ರಲ್ಲಿ ಹೊರತಂದ ‘ಸುಲ್ತಾನಾಳ ಕನಸು’ ಭಾರತದ ಒಂದು ಹಳೆಯ ಕಲ್ಪನೆಯನ್ನು ಮತ್ತೆ ತೆರೆಯಿತು. ಬಂಗಾಳದ ರುಕಯ್ಯಾ ಸಖಾವತ್ ಹುಸೇನ್ 1905ರಲ್ಲಿ ಮದ್ರಾಸಿನ ಮಹಿಳಾ ಪತ್ರಿಕೆಯಲ್ಲಿ ಪ್ರಕಟಿಸಿದ ಕತೆ ಅದರ ಮೂಲ. ಅಲ್ಲಿನ ಹೆಣ್ಣುನಾಡಿನಲ್ಲಿ ವಿದುಷಿಯರು ಬಿಸಿಲನ್ನು ಹಿಡಿದು ಅಡುಗೆ ಮಾಡುತ್ತಾರೆ, ಮೋಡದಿಂದ ನೀರಿಳಿಸುತ್ತಾರೆ, ಆಕಾಶದಲ್ಲಿ ಸಂಚರಿಸುತ್ತಾರೆ, ಗಂಡಸರು ಪರದೆಯೊಳಗಿದ್ದಾರೆ. ಈ ಹಿಂದುಮುಂದು ವ್ಯವಸ್ಥೆಯೂ ಒಂದು ವರ್ಗವನ್ನು ಬೀಗ ಹಾಕಿಯೇ ಇಡುತ್ತದೆ ಎಂಬುದು ನಿಜ. ಆದರೆ ಹೆಂಗಸರನ್ನು ಬೇರೆಯಾಗಿಡುವ ಜನಾನಾದ ಗೋಡೆಗಳು ಪ್ರಕೃತಿ ಕಟ್ಟಿದವಲ್ಲ ಎಂದು ಕಾಣಿಸಲು 1905ರಲ್ಲಿ ಅಂಥ ತಿರುವುಮುರುವೇ ಬೇಕಾಗಿತ್ತು. ಅಹಮದಾಬಾದಿನಲ್ಲಿ ಈ ಪುಸ್ತಕ ಕಂಡ ಸ್ಪ್ಯಾನಿಷ್ ಕಲಾವಿದೆಯೊಬ್ಬಳು ಚಿತ್ರದ ನಾಯಕಿ. ಅವಳ ಪಯಣಕ್ಕೆ ಜಲವರ್ಣ, ರುಕಯ್ಯಾ ಬದುಕಿಗೆ ನೆರಳುಗೊಂಬೆ, ಕನಸಿನ ನಾಡಿಗೆ ಮೆಹಂದಿಯ ಬಳ್ಳಿಚಿತ್ತಾರ ಎಂದು ಎರ್ಗೇರಾ ಮೂರು ಶೈಲಿ ಆರಿಸಿಕೊಂಡರು. ಮದುವೆಯ ಹೆಣ್ಣಿನ ಅಂಗೈಯನ್ನು ಸಿಂಗರಿಸುವ ಕಲೆ ಅಲ್ಲಿ ಇಡೀ ರಾಜ್ಯವೊಂದರ ನಕ್ಷೆಯನ್ನು ಬರೆಯುತ್ತದೆ.