ಬ್ರೇಕ್ ಹಿಡಿದು ಮುಂದೆ ಹೋಗುವ ಗಾಡಿ

ಹೊಸನಗರದ ಕಡೆಯ ಓದುಗರೊಬ್ಬರ ಪತ್ರ ಬಂದಿದೆ. ಅವರ ನೆಂಟರು ಕೋಟಿ ರೂಪಾಯಿ ದಾಟಿದ ಐಷಾರಾಮಿ ಎಸ್‌ಯುವಿಯೊಂದನ್ನು ಅಡಿಕೆ ತೋಟದ ಮಣ್ಣುದಾರಿಗೆ ಇಳಿಸಿದರಂತೆ. ಕೊರಕಲು ಬಿದ್ದ ಏರಿನಲ್ಲಿ ಮುಂದಿನ ಎಡ ಚಕ್ರ ಮತ್ತು ಹಿಂದಿನ ಬಲ ಚಕ್ರ ನೆಲ ಬಿಟ್ಟು ಗಿರ್ರನೆ ತಿರುಗಿದವು. ನೆಲದ ಮೇಲಿದ್ದ ಉಳಿದೆರಡು ಅಲ್ಲಾಡಲಿಲ್ಲ. ಅಷ್ಟರಲ್ಲಿ ಕೆಳಗಿನಿಂದ ಗರಗರ ಸದ್ದು ಕೇಳಿ, ಏನೋ ಮುರಿಯಿತೆಂದು ಹೆದರಿ ಆಕ್ಸಿಲರೇಟರ್ ಬಿಟ್ಟರು. ಕೊನೆಗೆ ಟ್ರ್ಯಾಕ್ಟರ್ ಬಂದು ಎಳೆಯಿತು. ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವ ಗಾಡಿ ಹೀಗೇಕೆ ಮಾಡಿತು ಎನ್ನುವುದು ಪ್ರಶ್ನೆ. ಜೊತೆಗೊಂದು ಸಾಲು: ಪೂಜೆಯ ದಿನ ನಾಲ್ಕೂ ಚಕ್ರಕ್ಕೆ ನಿಂಬೆಹಣ್ಣು ಇಡಲಿಲ್ಲ, ಅದಕ್ಕೇ ದೃಷ್ಟಿ ತಾಗಿತು ಎನ್ನುತ್ತಿದ್ದಾರೆ ಮನೆಯ ಹಿರಿಯರು.

ನಿಂಬೆಹಣ್ಣಿನ ವಿಚಾರ ಮೊದಲು ಮುಗಿಸಿಬಿಡೋಣ. ಪೂಜೆ ಮಾಡಿ, ಬೇಡವೆನ್ನುವುದಿಲ್ಲ. ಆದರೆ ಗಾಡಿ ಹೂತದ್ದಕ್ಕೆ ದೃಷ್ಟಿ ಕಾರಣ ಎಂದುಬಿಟ್ಟರೆ ನಿಜವಾದ ಕಾರಣ ಹುಡುಕುವ ಕೆಲಸ ಅಲ್ಲಿಗೇ ನಿಂತುಹೋಗುತ್ತದೆ. ಮುಂದಿನ ಸಲವೂ ಅದೇ ಕೊರಕಲಿನಲ್ಲಿ ಅದೇ ರೀತಿ ಹೂತುಕೊಳ್ಳುತ್ತೀರಿ. ಕಾರಣವೋ, ಗಾಡಿಯ ಅಡಿಯಲ್ಲಿ ಕೈಗೆ ಸಿಗುವಂತೆ ಕೂತಿದೆ. ಅದರ ಹೆಸರು ಡಿಫರೆನ್ಷಿಯಲ್.

ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ದೂರ ಓಡಬೇಕು. ಎಷ್ಟು ಹೆಚ್ಚು? ಎಡಬಲ ಚಕ್ರಗಳ ನಡುವೆ 1.6 ಮೀಟರ್ ಅಂತರವಿರುವ ಗಾಡಿ ಒಂದು ಪೂರ್ತಿ ಸುತ್ತು ಹಾಕಿದರೆ ಹೊರಗಿನ ಚಕ್ರ ಸುಮಾರು 10 ಮೀಟರ್ ಹೆಚ್ಚು ಓಡಿರುತ್ತದೆ. ಸುತ್ತು ದೇವಸ್ಥಾನದ ಅಂಗಳದಷ್ಟಿರಲಿ, ಇಡೀ ಬೆಂಗಳೂರನ್ನು ಬಳಸಿ ಬರಲಿ, ವ್ಯತ್ಯಾಸ ಅದೇ 10 ಮೀಟರ್! ಎರಡೂ ಚಕ್ರಗಳನ್ನು ಒಂದೇ ಸರಳಿಗೆ ಬಿಗಿದರೆ ಈ ವ್ಯತ್ಯಾಸಕ್ಕೆ ಜಾಗವಿಲ್ಲದೆ ಟೈರು ಉಜ್ಜಿಕೊಂಡು ಹೋಗಬೇಕಾಗುತ್ತದೆ. ಉಗಿಬಂಡಿಗಳ ಕಾಲದಲ್ಲೇ, 1827ರಲ್ಲಿ, ಒನೆಸಿಫೋರ್ ಪೆಕ್ಯೂರ್ ಎಂಬ ಫ್ರೆಂಚ್ ಗಡಿಯಾರ ತಯಾರಕ ಹಲ್ಲುಚಕ್ರಗಳ ಒಂದು ಗೊಂಚಲಿನಿಂದ ಇದನ್ನು ಬಗೆಹರಿಸಿದ. ಅದೇ ಗೊಂಚಲು ಇಂದಿಗೂ ನಮ್ಮ ಗಾಡಿಗಳ ಆಕ್ಸಲ್‌ಗಳಲ್ಲಿದೆ.

ಗ್ಯಾರೇಜಿನಲ್ಲಿ ಹಿಂಬದಿ ಚಾಲನೆಯ ಜೀಪನ್ನು ಗೇರಿನಲ್ಲಿ ನಿಲ್ಲಿಸಿ, ಹಿಂದಿನ ಎರಡೂ ಚಕ್ರ ಮೇಲೆತ್ತಿದ್ದಾಗ ಒಂದನ್ನು ಕೈಯಿಂದ ತಿರುಗಿಸಿ ನೋಡಿ. ಆಚೆಬದಿಯದು ತಾನಾಗಿ ಹಿಮ್ಮುಖವಾಗಿ ತಿರುಗುತ್ತದೆ. ಎಷ್ಟು ಬಾರಿ ಕಂಡರೂ ನನಗೆ ಬೇಸರ ಬಾರದ ನೋಟ ಅದು. ಮಕ್ಕಳಿಗೆ ಒಮ್ಮೆ ತೋರಿಸಿದರೆ ಗ್ಯಾರೇಜು ಬಿಟ್ಟು ಹೊರಡುವುದೇ ಇಲ್ಲ.

ಈಗ ಬಹುಪಾಲು ಜನ, ಅನುಭವಿ ಚಾಲಕರೂ ಸೇರಿ, ತಪ್ಪಾಗಿ ನಂಬಿರುವ ಸಂಗತಿಗೆ ಬರುತ್ತೇನೆ. “ಜಾರುವ ಚಕ್ರಕ್ಕೇ ಬಲವೆಲ್ಲ ಹರಿದುಹೋಗುತ್ತದೆ, ಇನ್ನೊಂದಕ್ಕೆ ಏನೂ ಉಳಿಯುವುದಿಲ್ಲ” ಎನ್ನುತ್ತಾರೆ. ಹಾಗಾಗುವುದಿಲ್ಲ. ಸಾಮಾನ್ಯ ಡಿಫರೆನ್ಷಿಯಲ್ ಎರಡೂ ಬದಿಗೆ ಯಾವಾಗಲೂ ಸಮನಾದ ತಿರುಚುಬಲವನ್ನೇ ಹಂಚುತ್ತದೆ. ಜಾರುವ ಚಕ್ರಕ್ಕೆ ಸಿಗುವುದು ವೇಗ. ಗಾಳಿಯಲ್ಲಿರುವ ಚಕ್ರವನ್ನು ತಿರುಗಿಸಲು 50 ನ್ಯೂಟನ್ ಮೀಟರ್ ಸಾಕು ಎಂದುಕೊಳ್ಳಿ. ಅದಕ್ಕಿಂತ ಹೆಚ್ಚನ್ನು ಅದರ ಮೇಲೆ ಹೇರಲು ಎಂಜಿನ್ನಿಗೆ ಸಾಧ್ಯವೇ ಇಲ್ಲ. ಏಕೆಂದರೆ ಎದುರೊತ್ತುವುದಕ್ಕೆ ಅಲ್ಲಿ ಏನೂ ಇಲ್ಲ. ಹಂಚಿಕೆ ಸಮಪಾಲು, ಹಾಗಾಗಿ ನೆಲ ಹಿಡಿದು ನಿಂತ ಚಕ್ರಕ್ಕೂ ಅದೇ 50. ಎರಡೂವರೆ ಟನ್ ಗಾಡಿಯನ್ನು ಏರಿನಲ್ಲಿ ಸರಿಸಲು ಅದು ಯಾತಕ್ಕೂ ಸಾಲದು. ಬಾನೆಟ್ಟಿನಡಿ 500 ಕುದುರೆಶಕ್ತಿ ಇದ್ದರೂ ಈ ಲೆಕ್ಕ ಬದಲಾಗುವುದಿಲ್ಲ.

ಎತ್ತಿನಗಾಡಿ ಹೊಡೆದವರಿಗೆ ಇದು ಗೊತ್ತಿರುವ ವಿಷಯ. ನೊಗ ನಟ್ಟನಡುವೆ ಗಾಡಿಗೆ ಸಿಕ್ಕಿಕೊಂಡಿರುತ್ತದೆ. ಎಡದ ಎತ್ತು ಎಳೆಯದೆ ಸಡಿಲ ಬಿಟ್ಟರೆ ನೊಗದ ಆ ತುದಿ ಹಿಂದಕ್ಕೆ ಜಗ್ಗುತ್ತದೆ. ಬಲದ ಎತ್ತು ಎಷ್ಟೇ ಗಟ್ಟಿಯಿರಲಿ, ಅದರ ಎಳೆತವೆಲ್ಲ ನೊಗ ತಿರುಗಿಸುವುದಕ್ಕೇ ಖರ್ಚು, ಗಾಡಿ ಸರಿಯದು. ಆದರೆ ಸಡಿಲವಾದ ಆ ತುದಿ ಹಿಂದೆ ಸರಿಯದಂತೆ ಗಟ್ಟಿಯಾಗಿ ತಡೆದರೆ? ಬಲದ ಎತ್ತಿನ ಎಳೆತ ಕೂಡಲೇ ಗಾಡಿಗೆ ಮುಟ್ಟುತ್ತದೆ.

ಆ ತಡೆಯನ್ನು ಒಡ್ಡಲು ಎರಡು ದಾರಿ. ಒಂದು, ಡಿಫರೆನ್ಷಿಯಲ್ಲನ್ನೇ ಲಾಕ್ ಮಾಡಿ ಎರಡೂ ಚಕ್ರ ಒಟ್ಟಿಗೇ ತಿರುಗುವಂತೆ ಮಾಡುವುದು. 1979ರಿಂದ ಆಸ್ಟ್ರಿಯಾದ ಗ್ರಾಜ್ ನಗರದಲ್ಲಿ ತಯಾರಾಗುತ್ತಿರುವ ಮರ್ಸಿಡಿಸ್ ಜಿ ಕ್ಲಾಸ್ ಗಾಡಿಯ ಡ್ಯಾಶ್‌ಬೋರ್ಡಿನ ಮೇಲೆ ಸಾಲಾಗಿ ಕೂತ ಮೂರು ಗುಂಡಿಗಳು ಇದಕ್ಕೇ ಇರುವುದು: ನಡುವಿನ, ಹಿಂದಿನ ಮತ್ತು ಮುಂದಿನ ಡಿಫರೆನ್ಷಿಯಲ್‌ಗೆ ಒಂದೊಂದು.

ಎರಡನೆಯ ದಾರಿ ನನ್ನ ಮೆಚ್ಚಿನದು: ಮುಂದೆ ಹೋಗಲು ಬ್ರೇಕ್ ಹಾಕುವುದು! ಎಬಿಎಸ್ ಇರುವ ಗಾಡಿಯಲ್ಲಿ ಪ್ರತಿ ಚಕ್ರದ ವೇಗವನ್ನು ಅಳೆಯುವ ಸಂವೇದಕ ಹೇಗೂ ಇರುತ್ತದೆ. ಎಬಿಎಸ್ ಮಾಡುವ ಕೆಲಸ, ಬ್ರೇಕ್ ಹಿಡಿದಾಗ ಕಚ್ಚಿಕೊಂಡ ಚಕ್ರವನ್ನು ಗುರುತಿಸಿ ಬಿಡುಗಡೆ ಮಾಡುವುದು. ಎಂಜಿನಿಯರುಗಳು ಅದೇ ಸಲಕರಣೆಯನ್ನು ತಿರುವುಮುರುವಾಗಿ ದುಡಿಸಿದರು. ಅತಿವೇಗದಲ್ಲಿ ತಿರುಗುವ ಚಕ್ರವನ್ನು ಕಂಪ್ಯೂಟರ್ ಗುರುತಿಸುತ್ತದೆ, ಪಂಪು ಆ ಒಂದು ಚಕ್ರದ ಬ್ರೇಕನ್ನಷ್ಟೇ ಒತ್ತುತ್ತದೆ. ಬ್ರೇಕು 800 ನ್ಯೂಟನ್ ಮೀಟರ್ ಎದುರೊತ್ತಿದರೆ ಸಮಪಾಲಿನ ನಿಯಮದಂತೆ ಆಚೆಯ ಚಕ್ರಕ್ಕೂ ಅಷ್ಟೇ ಬಲ ಬರಲೇಬೇಕು. ಡಿಫರೆನ್ಷಿಯಲ್‌ನ ಹಟವನ್ನೇ ಅದರ ವಿರುದ್ಧ ಬಳಸುವ ಈ ಜಾಣತನಕ್ಕೆ ನಾನು ಮನಸೋತಿದ್ದೇನೆ.

ಪತ್ರದಲ್ಲಿದ್ದ ಗರಗರ ಸದ್ದು ಬಹುಮಟ್ಟಿಗೆ ಆ ಪಂಪಿನದೇ ಇರಬೇಕು. ಏನೂ ಮುರಿದಿರಲಿಲ್ಲ. ಗಾಡಿ ಆಗತಾನೇ ದಾರಿ ಹುಡುಕಲು ತೊಡಗಿತ್ತು, ಅಷ್ಟರಲ್ಲಿ ಕಾಲು ತೆಗೆದರು. ಚಕ್ರ ಜಾರಿದರೆ ಮಾತ್ರ ಈ ವ್ಯವಸ್ಥೆ ಎಚ್ಚರಗೊಳ್ಳುತ್ತದೆ. ಪೆಡಲನ್ನು ಹಗುರವಾಗಿ, ಒಂದೇ ಸಮ ಒತ್ತಿ ಹಿಡಿದು ಅರೆಗಳಿಗೆ ಕಾದರೆ ಗಾಡಿ ತಾನೇ ಏರುತ್ತದೆ. ಸದ್ದಿಗೆ ಹೆದರಿ ಕಾಲು ತೆಗೆದರೂ ಕಷ್ಟ, ಸಿಟ್ಟಿಗೆ ಪೂರ್ತಿ ಒತ್ತಿದರೂ ಕಷ್ಟ.

ಈ ಜಾತಿಯ ಗಾಡಿಗಳ ಮೂಲಪುರುಷ 1970ರಲ್ಲಿ ಬಂದ ರೇಂಜ್ ರೋವರ್. ಅದನ್ನು ರೂಪಿಸಿದ ಸ್ಪೆನ್ ಕಿಂಗ್ ಹೊಲಕ್ಕೂ ಹೆದ್ದಾರಿಗೂ ಒಂದೇ ಗಾಡಿ ಸಾಕೆಂದು ಹೊರಟವರು. ಮೊದಮೊದಲ ಗಾಡಿಗಳ ಒಳಗನ್ನು ಪೈಪು ಹಿಡಿದು ನೀರಿನಿಂದ ತೊಳೆಯಬಹುದಿತ್ತು! ಮುಂದೆ ಅದು ನಗರಗಳ ಅಂತಸ್ತಿನ ಗುರುತಾದಾಗ ಇಳಿವಯಸ್ಸಿನ ಕಿಂಗ್ ಬಹಿರಂಗವಾಗಿಯೇ ಅಸಮಾಧಾನ ಹೇಳಿಕೊಂಡರು. ನಾನು ಅವರ ಪಕ್ಷ.

1972ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಜಾನ್ ಬ್ಲ್ಯಾಶ್‌ಫರ್ಡ್ ಸ್ನೆಲ್ ನೇತೃತ್ವದ ತಂಡ ಎರಡು ರೇಂಜ್ ರೋವರ್‌ಗಳನ್ನು ಪನಾಮಾ ಮತ್ತು ಕೊಲಂಬಿಯಾ ನಡುವಿನ ಡೇರಿಯನ್ ಕಾಡಿನ ಮೂಲಕ ದಾಟಿಸಿತು. ರಸ್ತೆಯೇ ಇಲ್ಲದ ಸುಮಾರು 400 ಕಿಲೋಮೀಟರ್ ಕಾಡು, ಜೌಗು ಅದು; ಮೂರು ತಿಂಗಳಿಗೂ ಹೆಚ್ಚು ಕಾಲ ಹಿಡಿಯಿತು. ಕೆಸರಿಗೆಂದು ಹಾಕಿದ್ದ ದೈತ್ಯ ಟೈರುಗಳು ನೆಲವನ್ನು ಭದ್ರವಾಗಿ ಹಿಡಿದವು, ಮೇಲೆ ಮಿತಿಮೀರಿದ ಹೊರೆಯೂ ಇತ್ತು. ಜಾರಲಾರದ ಚಕ್ರ, ನಿಲ್ಲದ ಎಂಜಿನ್, ಇವೆರಡರ ನಡುವೆ ಸಿಕ್ಕ ಡಿಫರೆನ್ಷಿಯಲ್‌ಗಳು ಒಡೆದವು. ಒಂದು ಭಾಗವನ್ನು ಬಲಪಡಿಸಿದರೆ ಒತ್ತಡ ಮುಂದಿನ ದುರ್ಬಲ ಭಾಗಕ್ಕೆ ವರ್ಗವಾಗುತ್ತದೆ. ಹೊಸ ಗಾಡಿಗೆ ಒಮ್ಮೆಲೇ ದೊಡ್ಡ ಟೈರು ಹಾಕಿಸಲು ಹೊರಟ ಉತ್ಸಾಹಿಗಳು ಇದನ್ನು ಓದಬೇಕು.

ಟೈರಿನ ಮಾತು ಬಂತು. ಐಷಾರಾಮಿ ಗಾಡಿಯೊಂದರ ತಾಕತ್ತು ಅಳೆಯಲು ನನ್ನನ್ನು ಕರೆದರೆ ನಾನು ಮೊದಲು ಬಗ್ಗಿ ನೋಡುವುದು ಟೈರನ್ನೇ. 2,500 ಕಿಲೋ ಗಾಡಿಯ ಪ್ರತಿ ಚಕ್ರದ ಮೇಲೆ 625 ಕಿಲೋ. 36 ಪಿಎಸ್ಐ ಗಾಳಿ ಇದ್ದಾಗ ಟೈರು ನೆಲ ಮುಟ್ಟುವ ಜಾಗ ಸುಮಾರು 250 ಚದರ ಸೆಂಟಿಮೀಟರ್. ಗಾಳಿಯನ್ನು 18ಕ್ಕೆ ಇಳಿಸಿದರೆ ಹೆಚ್ಚುಕಡಿಮೆ ಇಮ್ಮಡಿ, ಅದೂ ಅಗಲಕ್ಕಿಂತ ಉದ್ದಕ್ಕೆ ಹೆಚ್ಚು. ಮರಳಿನಲ್ಲಿ ಗಾಡಿ ಹೂಳದೆ ತೇಲಿದಂತೆ ಹೋಗುವುದು ಇದರಿಂದಲೇ. ಆದರೆ ಶೋರೂಮಿನಲ್ಲಿ ಹೊಳೆಯುವ 22 ಅಂಗುಲದ ರಿಮ್ಮಿಗೆ ತೆಳುಪಟ್ಟಿಯಂಥ ಟೈರು ಹಾಕಿದರೆ ಗಾಳಿ ಇಳಿಸಲು ಜಾಗವೇ ಇರದು. ಮೊದಲ ಕಲ್ಲಿಗೇ ರಿಮ್ ಏಟು ತಿನ್ನುತ್ತದೆ. ಕೋಟಿಯ ಗಾಡಿಯ ತಾಕತ್ತನ್ನೆಲ್ಲ ಅಂದದ ಚಕ್ರಗಳು ನುಂಗಿಹಾಕಿರುತ್ತವೆ. ಚಿಕ್ಕ ರಿಮ್, ದಪ್ಪ ಟೈರು ಕೇಳಿ ಪಡೆಯಿರಿ.

ಕೊಡಚಾದ್ರಿಗೆ ಜನರನ್ನು ಹತ್ತಿಸುವ ಜೀಪಿನ ಚಾಲಕರನ್ನು ಗಮನಿಸಿ. ಅವರು ಕೊರಕಲನ್ನು ಓರೆಯಾಗಿ ದಾಟಿ ಎರಡು ಚಕ್ರ ತೂಗಾಡಲು ಬಿಡುವುದಿಲ್ಲ. ಆದಷ್ಟೂ ಚಕ್ರವನ್ನು ಕಲ್ಲಿನ ನೆತ್ತಿಯ ಮೇಲೇ ಇಡುತ್ತಾರೆ. ಕಂಪ್ಯೂಟರು ಆಮೇಲೆ ಮಾಡುವ ಕೆಲಸವನ್ನು ಅವರ ಸ್ಟಿಯರಿಂಗ್ ಮೊದಲೇ ಮಾಡಿರುತ್ತದೆ.

ನೀರಿನ ಬಗ್ಗೆ ಮಾತ್ರ ಕಟುವಾಗಿ ಹೇಳುತ್ತೇನೆ. ಈಗಿನ ರೇಂಜ್ ರೋವರ್ 900 ಮಿಲಿಮೀಟರ್, ಪೆಟ್ರೋಲ್, ಡೀಸೆಲ್ ಜಿ ಕ್ಲಾಸ್ 700 ಮಿಲಿಮೀಟರ್ ಆಳದ ನೀರು ದಾಟಬಲ್ಲವು ಎನ್ನುತ್ತದೆ ಕಂಪನಿಗಳ ಲೆಕ್ಕ. ಅದು ನಿಂತ ನೀರಿಗೆ, ಗಟ್ಟಿ ತಳಕ್ಕೆ, ನಿಧಾನದ ನಡೆಗೆ ಹೇಳಿದ್ದು. ಹರಿಯುವ ನೀರಿನಲ್ಲಿ 60 ಸೆಂಟಿಮೀಟರ್ ಆಳ ಸಾಕು, ಹೆಚ್ಚಿನ ಗಾಡಿಗಳನ್ನು ಎತ್ತಿ ಒಯ್ಯುತ್ತದೆ. ಗಾಡಿ ತೇಲತೊಡಗಿದ ಮೇಲೆ ಯಾವ ಲಾಕೂ ಯಾವ ಬ್ರೇಕೂ ಉಪಯೋಗಕ್ಕೆ ಬಾರವು, ನೆಲವೇ ಇಲ್ಲವಲ್ಲ. ಮಳೆಗಾಲದಲ್ಲಿ ಸೇತುವೆಯ ಮೇಲೆ ನೀರು ಹರಿಯುವಾಗ ಫೋರ್ ವೀಲ್ ಡ್ರೈವ್ ಇದೆ ಎಂದು ನುಗ್ಗಬೇಡಿ. ಇಳಿಜಾರಿನ ಬ್ರೇಕಿಂಗಿಗೂ ಅಷ್ಟೇ: ನಾಲ್ಕು ಚಕ್ರದ ಚಾಲನೆ ಟೈರಿನ ಹಿಡಿತವನ್ನು ಒಂದು ಎಳ್ಳಷ್ಟೂ ಹೆಚ್ಚಿಸದು.

ಕೊನೆಗೊಂದು ಹೊಸ ಸುದ್ದಿ. 2024ರಲ್ಲಿ ಬಂದ ವಿದ್ಯುತ್ ಚಾಲಿತ ಜಿ ಕ್ಲಾಸ್‌ನಲ್ಲಿ ನಾಲ್ಕು ಚಕ್ರಕ್ಕೆ ನಾಲ್ಕು ಮೋಟಾರು. ಎಡದ ಚಕ್ರಗಳನ್ನು ಮುಂದಕ್ಕೆ, ಬಲದವನ್ನು ಹಿಂದಕ್ಕೆ ತಿರುಗಿಸಿ ಮಣ್ಣಿನಲ್ಲಿ ನಿಂತಲ್ಲೇ ಸುತ್ತು ಹೊಡೆಯುತ್ತದೆ. ಯಾವ ಚಕ್ರಕ್ಕೆ ಎಷ್ಟು ಬಲ ಎಂಬುದನ್ನು ಕಂಪ್ಯೂಟರು ನೇರವಾಗಿ ತೀರ್ಮಾನಿಸುವುದರಿಂದ ಎಡಬಲ ಹಂಚುವ ಹಲ್ಲುಚಕ್ರಗಳ ಗೊಂಚಲೇ ಬೇಕಿಲ್ಲ. ಪೆಕ್ಯೂರನ ಉಪಾಯವನ್ನು ಸುಮಾರು ಎರಡು ಶತಮಾನಗಳ ನಂತರ ಇಂಥ ಗಾಡಿಗಳ ಆಕ್ಸಲ್‌ನಿಂದ ಬಿಚ್ಚಿಡುವ ಕಾಲ ಬಂದಿದೆ.