ಪಲ್ಟಣದಲ್ಲೂ ಪಂಡಿತ, ಪಾದ್ರಿ, ಮೌಲ್ವಿ!

ಕೊಪ್ಪಳ: ಮಿಲಿಟರಿ ಅಂದ ಕೂಡಲೇ ಈ ಕಡೆಯ ಮಂದಿಗೆ ನೆನಪಾಗುವುದು ಬಂದೂಕು, ಬೂಟು, ಪರೇಡು. ಆದರೆ ಪೂಜೆ, ಪ್ರಾರ್ಥನೆ ಮಾಡಿಸುವುದನ್ನೇ ನೌಕರಿ ಮಾಡಿಕೊಂಡವರೂ ಅದೇ ಪಡೆಯಲ್ಲಿದ್ದಾರೆ. ಅವರಿಗೆ ಧರ್ಮಗುರು ಎಂದು ಹೆಸರು. ಹಿಂದೂಗಳಿಗೆ ಪಂಡಿತ, ಸಿಖ್ಖರಿಗೆ ಗ್ರಂಥಿ, ಮುಸ್ಲಿಮರಿಗೆ ಮೌಲ್ವಿ, ಕ್ರೈಸ್ತರಿಗೆ ಪಾದ್ರಿ, ಲಡಾಖ್ ಸ್ಕೌಟ್ಸ್ ಜವಾನರಿಗೆ ಬೌದ್ಧ ಭಿಕ್ಷು. ಸೇರುವಾಗಲೇ ನಾಯಬ್ ಸುಬೇದಾರ್ ದರ್ಜೆ! ಸಿಪಾಯಿಯಾಗಿ ಸೇರಿದವನು ಈ ಮೆಟ್ಟಿಲು ಹತ್ತಲು ಎಷ್ಟೋ ವರ್ಷ ಬೆವರು ಸುರಿಸಬೇಕು.

ಹಾಗಂತ ಆರತಿ ಎತ್ತಲು ಬಂದರೆ ಸಾಕು ಅನ್ನುವಂತಿಲ್ಲ. ಪದವೀಧರನಾಗಿರಬೇಕು, ವಯಸ್ಸು 25 ತುಂಬಿರಬೇಕು. ಪಂಡಿತನಾಗುವವನು ಸಂಸ್ಕೃತದಲ್ಲಿ ಆಚಾರ್ಯ, ಇಲ್ಲವೇ ಶಾಸ್ತ್ರಿಯ ಜತೆಗೆ ಕರ್ಮಕಾಂಡದ ಡಿಪ್ಲೊಮಾ ಮಾಡಿರಬೇಕು. ಪಾದ್ರಿಗೆ ಚರ್ಚಿನ ದೀಕ್ಷೆ ಆಗಿರಬೇಕು. ಮೇಲಾಗಿ 1600 ಮೀಟರ್ ದೂರವನ್ನು 8 ನಿಮಿಷದಲ್ಲಿ ಓಡಬೇಕು. ಧೋತರ ಉಟ್ಟು ಓಡುವ ಮಾತಲ್ಲ ಇದು!

ಆಯ್ಕೆಯಾದ ಮೇಲೆ ಪುಣೆಯಲ್ಲಿರುವ ಸೇನೆಯ ರಾಷ್ಟ್ರೀಯ ಏಕೀಕರಣ ಸಂಸ್ಥೆಯಲ್ಲಿ ತರಬೇತಿ. ಪಂಡಿತನೂ ಮೌಲ್ವಿಯೂ ಪಾದ್ರಿಯೂ ಕಲಿಯುವುದು ಅಲ್ಲೇ.

ಕೆಲಸ ಏನು?

ಹಬ್ಬಕ್ಕೆ ಪೂಜೆ, ಜವಾನರಿಗೆ ಧರ್ಮಗ್ರಂಥ ಓದಿ ಹೇಳುವುದು, ಅವರ ಮಕ್ಕಳಿಗೆ ನಾಲ್ಕು ಒಳ್ಳೆಯ ಮಾತು. ಇಷ್ಟೇ ಆಗಿದ್ದರೆ ಯಾರಾದರೂ ಮಾಡಿಯಾರು. ಆಸ್ಪತ್ರೆಯಲ್ಲಿ ಮಲಗಿದವನ ಮಗ್ಗುಲಲ್ಲಿ ಕೂರುವುದು, ತಪ್ಪು ಮಾಡಿ ಬಂಧನದಲ್ಲಿ ಇರುವವನನ್ನು ಕಂಡು ಬರುವುದು, ಸತ್ತವನ ಅಂತ್ಯಕ್ರಿಯೆ ನಡೆಸುವುದು ಕೂಡ ಇವರ ಪಾಲಿನದೇ.

ಧಾರವಾಡ ಜಿಲ್ಲೆಯ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ಯಾರು ಮರೆತಾರು? 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹಿಮ ಕುಸಿದು 19ನೇ ಮದ್ರಾಸ್ ಬೆಟಾಲಿಯನ್ನಿನ 10 ಮಂದಿ ಹೂತುಹೋದರು. ಆರು ದಿನದ ಮೇಲೆ ಹನುಮಂತಪ್ಪ ಒಬ್ಬರೇ ಜೀವಂತ ಸಿಕ್ಕರು. ಇಡೀ ದೇಶವೇ ಹರಕೆ ಹೊತ್ತರೂ ಫೆಬ್ರವರಿ 11ಕ್ಕೆ ದಿಲ್ಲಿಯಲ್ಲಿ ಉಸಿರು ನಿಂತಿತು. ಮರುದಿನ ಹುಟ್ಟೂರಿನಲ್ಲಿ ಲಿಂಗಾಯತ ಪದ್ಧತಿಯಂತೆ ಮಣ್ಣು ಮಾಡಲಾಯಿತು.

ಬೇರೆ ಸೀಮೆಯ ಪಂಡಿತನಿಗೆ ಚಿತೆಯ ಮಂತ್ರ ಬಾಯಿಪಾಠ ಇರಬಹುದು. ಈ ಕಡೆ ಸುಡುವುದಿಲ್ಲ, ಕೂರಿಸಿ ಮಣ್ಣು ಕೊಡುತ್ತಾರೆ ಎಂಬುದೂ ಅವನಿಗೆ ಗೊತ್ತಿರಬೇಡವೇ? ಒಂದು ಪಲ್ಟಣದಲ್ಲಿ ನೂರು ಊರಿನ ಹುಡುಗರು, ಊರಿಗೊಂದು ಪದ್ಧತಿ. ತನ್ನ ಮನೆತನದ ಪದ್ಧತಿಯೊಂದೇ ಸರಿ ಅನ್ನುವವನು ಅಲ್ಲಿ ಬಾಳಲಾರ.

ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆ ಸಂಸ್ಕೃತ ಓದಿ, ಮುಂದೇನು ಅಂತ ಕೂತ ಹುಡುಗರಿಗೆ ಇದೂ ಒಂದು ದಾರಿ. ಸೇನೆಯವರು ಅರ್ಜಿ ಕರೆದಾಗ ಹಾಕಿ ನೋಡಬಹುದು. ಮಂತ್ರ ಕಲಿತವರು ಬಹಳ. ಸಾಯುವವನ ಕೈ ಹಿಡಿದು ಕೂರುವ ಗುಂಡಿಗೆ ಇದೆಯೇ ಎಂದು ಮೊದಲು ತಮ್ಮನ್ನೇ ಕೇಳಿಕೊಳ್ಳಲಿ.